ಸೋದರಮಾವನಿಗೂ ಹೇಳದ ಮಾತು

ಬೆಳಿಗ್ಗೆ ಮಗಳು ಮೈನೆರೆದಳು. ಬಚ್ಚಲ ಬಾಗಿಲಲ್ಲಿ ನನ್ನ ಸೆರಗು ಹಿಡಿದು ಅವಳು ಕೇಳಿಕೊಂಡದ್ದು ಒಂದೇ: "ಅಮ್ಮ, ಯಾರಿಗೂ ಹೇಳ್ಬೇಡ."

ಅತ್ತೆ ಸುಮ್ಮನಿರಲಿಲ್ಲ. "ಸೋದರಮಾವನಿಗೂ ಹೇಳ್ಬಾರ್ದೇನೇ? ಹಸಿರು ಗುಡ್ಲು ಕಟ್ಟೋನೇ ಅವನು. ನಂಗೆ ಆರತಿ ಮಾಡ್ದಾಗ ಇಡೀ ಬೀದಿನೇ ಬಂದಿತ್ತು."

"ಅದಕ್ಕೇ ಬೇಡ ಅಜ್ಜಿ. ಮಾವನ ಮಗ ನನ್ನ ಕ್ಲಾಸಲ್ಲೇ ಇದಾನೆ. ಗೊತ್ತಾದ್ರೆ ನಾನು ಸ್ಕೂಲಿಗೇ ಹೋಗಲ್ಲ. ಖಾಸಗಿತನ ನನ್ನ ಹಕ್ಕು, ಸುಪ್ರೀಂ ಕೋರ್ಟೇ ಹೇಳಿದೆಯಂತೆ. ನಮ್ಮ ಟೀಚರ್ ಪಾಠ ಮಾಡಿದಾರೆ."

"ಕೋರ್ಟಿನೋರಿಗೆ ಸೋಬಾನೆ ಹಾಡೋಕೆ ಬರುತ್ತೇನೇ?"

ಮಗಳು ನಗಲಿಲ್ಲ. ಅವಳ ಕಣ್ಣು ತುಂಬಿದ್ದು ಕಂಡು ಅತ್ತೆಯ ಮನಸ್ಸು ಕರಗಿತು. "ಆಯ್ತು ಬಿಡು ತಾಯಿ, ನನ್ನ ಬಾಯಿಂದ ಹೊರಗೆ ಬರಲ್ಲ," ಎಂದು ಮೊಮ್ಮಗಳ ತಲೆ ಮುಟ್ಟಿ ಹೇಳಿದರು. ನಾನೂ ಆಣೆ ಇಟ್ಟೆ.

ಮಧ್ಯಾಹ್ನ ನನ್ನ ಅಣ್ಣ ಮಗನ ಜೊತೆ ಕ್ರಿಕೆಟ್ ನೋಡಲು ಬಂದ.

"ಯಾಕೆ ಪುಟ್ಟಿ, ಸಪ್ಪಗಿದೀಯ?"

"ಹೊಟ್ಟೆ ಕೆಡಿಸ್ಕೊಂಡಿದಾಳೆ ಕಣಪ್ಪ, ನಿನ್ನೆ ಪಾನಿಪುರಿ ತಿಂದು," ಎಂದು ಅತ್ತೆ ಸಲೀಸಾಗಿ ಸುಳ್ಳು ಹೇಳಿದರು. ಮಗಳು ಅಜ್ಜಿಯತ್ತ ನೋಡಿ ಆ ದಿನ ಮೊದಲ ಸಲ ನಕ್ಕಳು.

ಅಣ್ಣನ ಮಗ ಟಿವಿ ಹಾಕಿದ.

ನನ್ನ ಫೋನಿಗೂ ಆ ಟಿವಿಗೂ ಇರುವುದು ಒಂದೇ ಅಕೌಂಟು. ಬೆಳಿಗ್ಗೆ ಒಲೆಯ ಮುಂದೆ ನಿಂತು ನಾನೊಬ್ಬಳೇ ಹುಡುಕಿ ನೋಡಿದ್ದ ವಿಡಿಯೊ ದಪ್ಪ ಅಕ್ಷರಗಳಲ್ಲಿ ಪರದೆಯ ತುಂಬ ಬಂದು ನಿಂತಿತು: "ಮಗಳು ದೊಡ್ಡವಳಾದ ದಿನ ತಾಯಿ ಏನು ಮಾಡಬೇಕು?"