ಮೂವತ್ತು ಹಸಿರು, ಒಂದು ಕೆಂಪು

“ನೀಲಕ್ಕ, ನೀವು ಫೇಲ್ ಆಗೀರಿ,” ಎಂದ ಉಮಾಪತಿ, ದನಿ ತಗ್ಗಿಸಿ.

ಪಾರ್ವತಿನಗರದ ಹೊಲಿಗೆ ತರಬೇತಿ ಕೇಂದ್ರದಲ್ಲಿ ಆಗ ಮಧ್ಯಾಹ್ನ ಮೂರೂವರೆ. ಕಂಪ್ಯೂಟರಿನ ಪರದೆಯ ಮೇಲೆ ಮೂವತ್ತೊಂದು ಹೆಸರುಗಳಿದ್ದವು. ಸಿರುಗುಪ್ಪ, ಕುರುಗೋಡಿನ ಮೂವತ್ತು ಹುಡುಗಿಯರ ಮುಂದೆ ಹಸಿರು ಗುರುತು. ಕಟ್ಟಕಡೆಗೆ ನೀಲಾವತಿ, ಕೆಂಪು. ಜೀನ್ಸ್ ಹೊಲಿಗೆಯ ಆನ್‌ಲೈನ್ ಕೋರ್ಸಿನ ಹನ್ನೆರಡು ಪಾಠಗಳಲ್ಲೂ ಕೇಳುವ ದನಿ ಆಕೆಯದೇ. ಒಂದು ಪಾಠದ ಪರೀಕ್ಷೆ ಪಾಸಾದರೆ ಮಾತ್ರ ಮುಂದಿನ ಪಾಠ ತೆರೆಯುವಂತೆ ಉಮಾಪತಿ ಜೋಡಿಸಿದ್ದ. ಎಲ್ಲ ಸರಿಯಾಗಿದೆಯೇ ನೋಡಲು ಆಕೆಯನ್ನೂ ವಿದ್ಯಾರ್ಥಿಯಾಗಿ ಸೇರಿಸಿ, ಮೊದಲ ಪಾಠದ ಪರೀಕ್ಷೆಗೆ ಕೂರಿಸಿದ್ದ. ಅದು ಸುರಕ್ಷತೆಯ ಪಾಠ. ಐದಕ್ಕೆ ಐದೂ ಸರಿಯಿರಬೇಕು.

“ಯಾವುದು ತಪ್ಪೈತಿ?”

“ನಾಕನೇದು. ಬೆರಳಾಗ ಸೂಜಿ ಹೊಕ್ರ ಮೊದಲು ಏನು ಮಾಡಬೇಕು ಅನ್ನೋದು. ಮಷೀನ್ ಬಂದ್ ಮಾಡಿ, ಗಾಲಿ ಕೈಲೆ ತಿರುಗಿಸಿ ಸೂಜಿ ಎತ್ತಬೇಕು ಅಂತ ನೀವು ಒತ್ತೀರಿ. ಕೋರ್ಸಿನ ಪುಸ್ತಕದಾಗ ಕೈಯನ್ನು ತಕ್ಷಣ ಹಿಂದೆಳೆಯಬೇಕು ಅಂತೈತಿ.”

“ಪುಸ್ತಕ ಬರದಾವ್ರು ಮಷೀನಿಗೆ ಎಂದಾದ್ರೂ ಕುಂತಾರೇನು? ಗಾಬರಿಬಿದ್ದು ಕೈ ಎಳದ್ರ ಸೂಜಿ ಒಳಗ ಮುರೀತೈತಿ. ಅತ್ಲಾಗ ಕಾಲು ಪೆಡಲ್ ಬಿಡಂಗಿಲ್ಲ, ಮಷೀನ್ ಓಡ್ತಾನ ಇರ್ತೈತಿ. ಕಂಪ್ಯೂಟರಿನಾಗ ಉತ್ತರ ತಿದ್ದು, ತಮ್ಮಾ.”

ಉಮಾಪತಿ ಗೋಡೆ ಗಡಿಯಾರ ನೋಡಿದ. “ತಿದ್ದಿದ್ರ ಆ ಮೂವತ್ತೂ ಕೆಂಪಾಗ್ತಾವ, ಅಕ್ಕ. ನಿಮ್ಮ ಪಾಠ ಕೇಳಿದ್ರೂ ಹುಡುಗ್ಯಾರು ಪುಸ್ತಕಾನ ಬಾಯಿಪಾಠ ಮಾಡಿ ಬರದಾರ. ಮತ್ತೊಮ್ಮಿ ಬರೆಸಾಕ ಟೈಮಿಲ್ಲ. ನಾಕಕ್ಕ ಕೋರ್ಸಿಗೆ ರೊಕ್ಕ ಕೊಡೋ ಬೆಂಗಳೂರಿನ ಮೇಡಂ ಈ ಪಟ್ಟಿ ನೋಡ್ತಾರ. ಮೂವತ್ತು ಮಂದಿ ಫೇಲ್ ಅಂದ್ರ ಕೋರ್ಸ್ ಬಂದ್. ನನ್ನ ಕೆಲಸಾನೂ ಹೋತು, ನಿಮ್ಮದೂ ಹೋತು.”

ಅವನು ಮೌಸಿಗೆ ಕೈ ಹಾಕಿದ. “ನಿಮ್ಮ ಹೆಸರೊಂದು ತಗದುಬಿಡ್ತೀನ್ರಿ. ಮೂವತ್ತಕ್ಕ ಮೂವತ್ತು ಹಸಿರು. ಉತ್ತರ ಆಮ್ಯಾಲೆ ತಿದ್ದಿದ್ರಾತು.”

“ಆಮ್ಯಾಲೆ ಅಂದ್ರ ಯಾವಾಗ? ನಾಳೆ ಮುಂಜಾನೆ ಆ ಹುಡುಗ್ಯಾರು ಮಷೀನಿಗೆ ಕೂರ್ತಾರ.”

ಮೌಸಿನ ಬಾಣದ ಗುರುತು ಆಗಲೇ ಆಕೆಯ ಹೆಸರಿನ ಮೇಲಿತ್ತು. ‘ಅಳಿಸಬೇಕೆ?’ ಎಂದು ಪರದೆ ಕೇಳಿತು. ನೀಲಾವತಿ ಅವನ ಕೈಯ ಮೇಲೆ ತನ್ನ ಬಲಗೈ ಇಟ್ಟು ಒತ್ತಿ ಹಿಡಿದಳು.

“ಆ ಕೆಂಪು ಇರ್ಲಿ ಬಿಡು.”

“ಕಲಿಸೋರೇ ಯಾಕ ಫೇಲ್ ಆದ್ರು ಅಂತ ಕೇಳ್ತಾರ್ರೀ.”

“ಕೇಳ್ಲಿ ಅಂತನ ಇಡಾಕತ್ತೀನಿ.”

ಸರಿಯಾಗಿ ನಾಲ್ಕಕ್ಕೆ ಬೆಂಗಳೂರಿನ ಮೇಡಂ ಪರದೆಯ ಮೇಲೆ ಮೂಡಿದರು. ಪಟ್ಟಿಯನ್ನು ಮೇಲಿನಿಂದ ಓದುತ್ತ, “ಮೊದಲನೇ ಪಾಠಕ್ಕೇ ಇಷ್ಟು ಜನ ಪಾಸ್. ತುಂಬಾ ಸಂತೋಷ,” ಎಂದರು. ಉಮಾಪತಿ ಉಸಿರು ಬಿಡುವಷ್ಟರಲ್ಲಿ ಅವರ ಕಣ್ಣು ಕೊನೆಯ ಸಾಲಿನಲ್ಲಿ ನಿಂತಿತು.

“ಇದೇನಿದು, ಪಾಠ ಹೇಳುವವರೇ ಫೇಲಾ? ಪುಸ್ತಕ ಓದಲಿಲ್ವೇನಮ್ಮ?” ಎಂದು ಅವರು ನಕ್ಕರು. ಉಮಾಪತಿ ತಲೆ ಎತ್ತಲಿಲ್ಲ.

ನೀಲಾವತಿ ಕುರ್ಚಿಯನ್ನು ಮುಂದಕ್ಕೆ ಎಳೆದುಕೊಂಡಳು. ಸೆರಗಿನ ಮರೆಯಲ್ಲಿದ್ದ ಎಡಗೈ ತೆಗೆದು, ತೋರುಬೆರಳನ್ನು ಕ್ಯಾಮೆರಾಕ್ಕೆ ಹತ್ತಿರ ಹಿಡಿದಳು. ಅದು ಮೊದಲ ಗೆಣ್ಣಿಗೇ ಮುಗಿದಿತ್ತು.

“ಪುಸ್ತಕದಾಗಿನ ಉತ್ತರ ನಾನೂ ಒಮ್ಮಿ ಕೊಟ್ಟೀನ್ರಿ, ಮೇಡಂ.”