ಹೊಳೆಯಲ್ಲಿ ಈಜು ಕಲಿತವರು

“ಮಗ್ಗುಲಲ್ಲೇ ತುಂಗೆ ಹರೀತಾ ಇರ್ಬೇಕಾದ್ರೆ ಈ ಒಡಕಲು ತೊಟ್ಟಿಗೆ ಎಂತಕೆ ರಿಪೇರಿ? ಮುಚ್ಚಿಹಾಕಿ, ಒಂದು ಶಟಲ್ ಕೋರ್ಟ್ ಮಾಡಿ. ನಾವೆಲ್ಲ ಈಜು ಕಲ್ತಿದ್ದು ಹೊಳೇಲಿ!” ಎಂದು ಸುಬ್ಬಪ್ಪ ಎದ್ದು ನಿಂತು ಗುಡುಗಿದಾಗ, ಈಜುಕೊಳದ ಕಟ್ಟೆಯ ಮೇಲೆ ಕೂತಿದ್ದ ಗಂಡಸರಲ್ಲಿ ಅರ್ಧಕ್ಕರ್ಧ ಜನ ತಲೆದೂಗಿದರು. ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟಿರುವ ಸುಬ್ಬಪ್ಪನ ಮಾತೆಂದರೆ ತೀರ್ಥಹಳ್ಳಿಯಲ್ಲಿ ತೂಕದ ಮಾತು. ಟೈಲ್ಸ್ ಕಿತ್ತುಹೋಗಿ ಗೋಡೆ ಬಿರುಕು ಬಿಟ್ಟ ಈ ಹಳೇ ಕೊಳವನ್ನು ಉಳಿಸುವುದೋ ಮುಚ್ಚುವುದೋ ತೀರ್ಮಾನವಾಗಲಿ ಎಂದು ಸಭೆ ಕರೆದಿದ್ದ ಸಮಿತಿಯ ಅಧ್ಯಕ್ಷ ಶ್ರೀನಾಥ್, ಕನ್ನಡಕ ತೆಗೆದು ಒರೆಸತೊಡಗಿದ.

ಹೆಂಗಸರ ಸಾಲಿನಲ್ಲಿ ಕೂತಿದ್ದ ಸುಬ್ಬಪ್ಪನ ಹೆಂಡತಿ ತುಂಗಮ್ಮ ಗಂಡನತ್ತ ಕತ್ತು ಹೊರಳಿಸಿದಳು. ಮೊಮ್ಮಕ್ಕಳಾದ ಮೇಲೆ ಈಜು ಕಲಿಯಲು ಬೆಳಗಿನ ಹೆಂಗಸರ ಬ್ಯಾಚಿಗೆ ಸೇರಿದವಳು ಅವಳು. ಕಲಿಸುವ ಹುಡುಗಿ ಕೊಟ್ಟ ತೇಲುವ ಬಣ್ಣದ ಹಲಗೆಯನ್ನು ನಂಬದೆ, ತವರಿನಲ್ಲಿ ಅಣ್ಣಂದಿರು ಮಾಡುತ್ತಿದ್ದ ಹಾಗೆ ಎರಡು ಒಣ ತೆಂಗಿನಕಾಯಿಗಳನ್ನು ಸಿಪ್ಪೆ ಸಮೇತ ಜೋಡಿಸಿ ಬೆನ್ನಿಗೆ ಕಟ್ಟಿಕೊಂಡೇ ನೀರಿಗಿಳಿದಿದ್ದಳು. ಮೊನ್ನೆ ತಾನೇ ಆ ಕಾಯಿ ಬಿಚ್ಚಿಟ್ಟು, ಕೈಕಾಲು ಬಡಿಯುತ್ತ ಈ ಗೋಡೆಯಿಂದ ಆ ಗೋಡೆ ಮುಟ್ಟಿದ್ದಳು. ಅಷ್ಟು ಖುಷಿ ಅವಳಿಗೆ ಎಷ್ಟೋ ವರ್ಷಗಳಿಂದ ಆಗಿರಲಿಲ್ಲ. ಈಗ ನೋಡಿದರೆ ಮನೆಯ ಯಜಮಾನನೇ ಆ ಖುಷಿಗೆ ಮಣ್ಣು ಹಾಕಲು ಹೊರಟಿದ್ದಾನೆ!

“ಮಳೆಗಾಲದ ಹೊಳೇಲಿ ಈ ದಂಡೆಯಿಂದ ಆ ದಂಡೆಗೆ ಈಜಿದವ್ನು ನಾನು,” ಸುಬ್ಬಪ್ಪ ಮೀಸೆ ತೀಡಿದ.

ತುಂಗಮ್ಮನಿಗೆ ಸಿಟ್ಟಿನ ನಡುವೆಯೂ ನಗು ಬಂತು. ಮದುವೆಯಾದ ಹೊಸತರಲ್ಲಿ ಬಟ್ಟೆ ಒಗೆಯುವಾಗ ತವರಿನವರು ಕೊಟ್ಟ ಸೀರೆ ಕೈಜಾರಿ ಹೊಳೆಯಲ್ಲಿ ತೇಲಿಹೋಗಿತ್ತು. ಬೇಸಿಗೆಯ ಹೊಳೆ, ಸೀರೆ ಹೋಗಿದ್ದೂ ನಾಲ್ಕು ಮಾರು ದೂರ. ಈ ಮಹರಾಯ ಮೊಣಕಾಲುದ್ದ ನೀರಿನಲ್ಲಿ ನಿಂತು, “ಹೋಗ್ಲಿ ಬಿಡು, ಹೊಳೆಗೆ ಬಾಗಿನ ಕೊಟ್ಟ ಹಾಗಾಯ್ತು” ಎಂದಿದ್ದ. ಗಂಡನಿಗೆ ಈಜು ಬಾರದೆಂಬುದು ಅವತ್ತೇ ಅವಳಿಗೆ ಗೊತ್ತಾಯಿತು. ಇಲ್ಲಿಯವರೆಗೂ ಒಬ್ಬರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ಹೊಳೆ ಈಜಿದ ಕಥೆ ಹೇಳೀ ಹೇಳೀ ಅವನಿಗೇ ಅದು ನಿಜವೆನಿಸಿಬಿಟ್ಟಿದೆಯೋ ಏನೋ.

“ತುಂಗಮ್ಮೋರೇ, ಹೆಂಗಸರ ಕಡೆಯಿಂದ ನೀವು ಎಂತ ಹೇಳ್ತೀರಿ?” ಶ್ರೀನಾಥ್ ಕೇಳಿದ.

ಎದ್ದು ನಿಂತಾಗ ಸೀರೆಯ ಕಥೆ ಅವಳ ನಾಲಿಗೆಯ ತುದಿಗೇ ಬಂದಿತ್ತು. ಗಂಡನ ಮುಖ ನೋಡಿದಳು. ಅಷ್ಟು ಜನರ ಎದುರು ಎದೆಯುಬ್ಬಿಸಿ ನಿಂತವನ ಮಾನ ಕಳೆಯಲು ಮನಸ್ಸಾಗಲಿಲ್ಲ. ಹಾಗಂತ ಕೊಳವನ್ನು ಬಿಟ್ಟುಕೊಡಲೂ ಅವಳು ತಯಾರಿರಲಿಲ್ಲ.

“ನಮ್ಮನೆಯೋರು ಹೇಳಿದ್ದು ಸರಿ. ಮುಚ್ಚೋದಾದ್ರೆ ಮುಚ್ಚಿ. ಆದ್ರೆ ನಮ್ಮ ಬ್ಯಾಚಿನೋರಿಗೆಲ್ಲ ಹೊಳೇಲಿ ಕಲಿಸೋರು ಬೇಕಲ್ಲ? ನಾಳೆಯಿಂದ ನಮ್ಮನೆಯೋರೇ ಕಲಿಸ್ಲಿ. ಮೊದ್ಲು ಆ ದಂಡೆಗೆ ಒಂದ್ಸಲ ಈಜಿ ತೋರಿಸಿದ್ರೆ ನಮಗೂ ಧೈರ್ಯ ಬರ್ತದೆ.”

ಹೆಂಗಸರು ಚಪ್ಪಾಳೆ ತಟ್ಟಿದರು. ಗಂಡಸರ ಕಡೆಯಿಂದ ಯಾರೋ, “ನಾವೂ ನೋಡ್ಲಿಕ್ಕೆ ಬರ್ತೀವಿ ಸುಬ್ಬಪ್ಪಣ್ಣ!” ಎಂದು ಕೂಗಿದರು.

ಸುಬ್ಬಪ್ಪನ ಕೈ ಮೀಸೆಯಿಂದ ಕೆಳಗಿಳಿಯಿತು. “ಅದು... ಹಾಂಗಲ್ಲ ಮಾರಾಯ್ರಾ. ಹೊಳೆ ಈಗ ಮೊದ್ಲಿನ ಹಾಗಿಲ್ಲ. ಕಾಲಿಟ್ಟಲ್ಲೆಲ್ಲ ಗುಂಡಿ, ಸುಳಿ. ಹೆಣ್ಮಕ್ಕಳ ಜೀವದ ವಿಷ್ಯ ನೋಡಿ. ಯೋಚ್ನೆ ಮಾಡಿದ್ರೆ ಕೊಳಾನೇ ವಾಸಿ. ರಿಪೇರಿ ಮಾಡ್ಸಿ, ಟೈಲ್ಸ್ ನಮ್ಮ ಅಂಗಡಿಯಿಂದ ನಾನೇ ಕೊಡ್ತೀನಿ.”

ಶ್ರೀನಾಥ್ ಓಡಿಬಂದು ಅವನ ಕೈ ಹಿಡಿದುಕೊಂಡ. ದೊಡ್ಡ ಮನಸ್ಸು ಎಂದರು ಎಲ್ಲರೂ. ಸಭೆ ಕಾಫಿ ಕುಡಿದು ಎದ್ದಿತು.

ಸುಬ್ಬಪ್ಪ ಮುಂದೆ ಮುಂದೆ ಬಿರಬಿರನೆ ಮನೆಗೆ ನಡೆದ. ತುಂಗಮ್ಮ ಕೆಣಕಲು ಹೋಗಲಿಲ್ಲ. ಕೊಳ ಉಳಿದ ಸಮಾಧಾನವೇ ಅವಳಿಗೆ ಸಾಕಾಗಿತ್ತು. ಮನೆ ಸೇರಿದವಳೇ ಗೂಟಕ್ಕೆ ನೇತುಹಾಕಿದ್ದ ಜೋಡಿ ಕಾಯಿಯನ್ನು ಇಳಿಸಿ, “ನನಗಿನ್ನು ಇದು ಬೇಡ. ಸುಲಿದು ಸಾರಿಗೆ ಹಾಕ್ತೀನಿ” ಎಂದಳು.

“ಇರ್ಲಿ, ಇಡು.”

ಸುಬ್ಬಪ್ಪ ಕಾಯಿಯನ್ನು ಕೈಗೆ ತೆಗೆದುಕೊಂಡು ಅಲ್ಲಾಡಿಸಿ ನೋಡಿದ. ಆಮೇಲೆ ಅವಳ ಮುಖ ನೋಡದೆ, ಮೆಲ್ಲಗೆ ಕೇಳಿದ:

“ಇದು ನನ್ನ ಭಾರ ತಡೀತದೇನೆ?”

ತುಂಗಮ್ಮ ನಗಲಿಲ್ಲ. ಅಟ್ಟ ಹತ್ತಿ ಇನ್ನೆರಡು ಒಣ ಕಾಯಿ ಇಳಿಸಿಕೊಂಡು ಬಂದಳು.