ಹಿಂದಿನ ಎರಡು ಟೈರು

"ನಾಚಿಕೆ ಆಗಲ್ವೇನ್ರೀ ನಿಮಗೆ? ಸತ್ತವರ ಗಾಡಿಯಿಂದಲೂ ಟೈರು ಕದೀತೀರಲ್ಲ!"

ಮಿಸಾವೊ ಕೂಗಿದ್ದಕ್ಕೆ ನೆಗಿಶಿ ಟೋಪಿ ತೆಗೆದು ಸೊಂಟದವರೆಗೆ ಬಾಗಿದ. ಅಪಘಾತದ ಗಾಡಿಗಳನ್ನು ಎಳೆದು ತಂದು ನಿಲ್ಲಿಸುವ ಅಂಗಳ ಅವನದು. ಚಿಚಿಬುವಿನ ಬೆಟ್ಟದ ರಸ್ತೆಯಿಂದ ಸೋಮವಾರ ತಂದ ಬಿಳಿ ಸ್ಪೋರ್ಟ್ಸ್ ಕಾರು ಮಗ್ಗುಲು ಜಜ್ಜಿಕೊಂಡು ಮೂಲೆಯಲ್ಲಿ ನಿಂತಿತ್ತು. ಅದನ್ನು ಓಡಿಸಿದ್ದ ಮಿಸಾವೊಳ ಅಮ್ಮನ ದಹನ ನಿನ್ನೆ ತಾನೇ ಮುಗಿದಿತ್ತು. ಕಾರಿನಲ್ಲೇ ಉಳಿದಿದ್ದ ಅಮ್ಮನ ರಬ್ಬರ್ ಬೂಟು ತೆಗೆದುಕೊಳ್ಳಲು ಅಪ್ಪ ಮಗಳು ಬಂದಿದ್ದರು. ಬೂಟು ಎತ್ತಿಕೊಂಡು ಏಳುವಾಗ ಮಿಸಾವೊಳ ಕಣ್ಣು ಚಕ್ರಗಳ ಮೇಲೆ ಬಿತ್ತು. ಮುಂದಿನ ಎರಡು ಟೈರು ಹೊಸವು. ಹಿಂದಿನ ಎರಡೂ ಬೋಳು.

"ಅಪ್ಪ, ನೀನಾದ್ರೂ ಹೇಳು! ನಲವತ್ತು ವರ್ಷದಿಂದ ಗ್ಯಾರೇಜ್ ನಡೆಸ್ತಿರೋನು ನೀನು. ನಮ್ಮನೆ ಗಾಡೀಲಿ ಇಂಥ ಟೈರು ಇರುತ್ತಾ?"

ಅಪ್ಪ ಇನಾಗಾಕಿ ಹಿಂದಿನ ಚಕ್ರಗಳನ್ನೇ ನೋಡುತ್ತ ನಿಂತ. ನೆಗಿಶಿ ಬಗ್ಗಿದ್ದವನು ತಲೆ ಮಾತ್ರ ಎತ್ತಿ ಒಮ್ಮೆ ಅವನನ್ನು ನೋಡಿದ. ನೆಗಿಶಿಯೂ ಅದೇ ಬೆಟ್ಟದ ಮನುಷ್ಯ, ಅವನಿಗೆ ಗೊತ್ತಾಗದೆ ಇರುತ್ತದೆಯೇ? ಟರ್ಬೊ ಇಲ್ಲದ ಇಂಥ ಗಾಡಿಯ ಎಂಜಿನ್‌ಗೆ ತಿರುವಿನಲ್ಲಿ ಹಿಂದಿನ ಚಕ್ರ ಜಾರಿಸುವಷ್ಟು ಕಸುವಿಲ್ಲ. ಹಿಂಬದಿ ಬೀಸಿಕೊಂಡು ತಿರುಗುವ ಆ ಆಟದ ಹುಚ್ಚು ಹಿಡಿದವರು ಅದಕ್ಕೇ ಹಿಂದೆ ಸವೆದ ಟೈರು ಹಾಕುತ್ತಾರೆ. ಮೈದಾನದಲ್ಲಿ ಆಟ ಮುಗಿದ ಮೇಲೆ ಒಳ್ಳೆಯವನ್ನು ಮತ್ತೆ ಹಾಕಿಕೊಂಡೇ ರಸ್ತೆಗೆ ಇಳಿಯಬೇಕು. ಇದು ಅವರವರಲ್ಲೇ ಇರುವ ಕಟ್ಟುಪಾಡು. ಹುಡುಗರಿಗೆಲ್ಲ ಅದನ್ನು ಬೈದು ಬೈದು ಕಲಿಸಿದವನು ಇದೇ ಇನಾಗಾಕಿ.

"ತಪ್ಪಾಯ್ತಮ್ಮ," ಅಂದ ನೆಗಿಶಿ, ಮೆಲ್ಲಗೆ. "ನಮ್ಮ ಹುಡುಗರನ್ನ ವಿಚಾರಿಸ್ತೀನಿ. ಏನಿದ್ರೂ ನನ್ನ ತಲೆ ಮೇಲಿರಲಿ."

"ನಾಳೆ ಪೊಲೀಸರು ಗಾಡಿ ನೋಡೋಕೆ ಬರ್ತಾರಲ್ಲ, ಅವರ ಮುಂದೇನೇ ಹೇಳಿ ಅದನ್ನ! ಊರೆಲ್ಲ ಏನಂತಿದೆ ಗೊತ್ತಾ? ಯಾಸುಯೊಗೆ ಗಾಡಿ ಓಡಿಸೋಕೆ ಬರ್ತಿರಲಿಲ್ಲ ಅಂತಿದೆ. ಮೂವತ್ತು ವರ್ಷದಲ್ಲಿ ಒಂದು ಸಲಾನೂ ದಂಡ ಕಟ್ಟಿದೋಳಲ್ಲ ನನ್ನಮ್ಮ." ಮಿಸಾವೊ ಬೂಟುಗಳನ್ನು ಎದೆಗೆ ಒತ್ತಿಕೊಂಡಳು. "ಹೊರಡೋ ಮುಂಚೆ ಫೋನ್ ಮಾಡಿದ್ಲು. ಮಳೆ ಇದೆ, ಹುಷಾರು ಅಂದೆ. ನಕ್ಕುಬಿಟ್ಲು. 'ಇವತ್ತು ನಿಮ್ಮಪ್ಪನ ಗಾಡಿ ಕಣೇ, ನಂಗೇನು ಭಯ' ಅಂದ್ಲು."

ಇನಾಗಾಕಿ ತಲೆ ಎತ್ತಿ ಮಗಳನ್ನು ನೋಡಿದ. ಈ ಮಾತು ಅವನು ಕೇಳಿರಲಿಲ್ಲ. ಸುಮ್ಮನಿದ್ದರೆ ಸಾಕಿತ್ತು. ನೆಗಿಶಿ ತಪ್ಪು ಹೊತ್ತುಕೊಳ್ಳುತ್ತಿದ್ದ, ಉಳಿದಿರುವ ಒಬ್ಬಳೇ ಮಗಳು ಅಪ್ಪನವಳಾಗಿಯೇ ಉಳಿಯುತ್ತಿದ್ದಳು. ಅಯ್ಯೋ, ಎಷ್ಟು ಸುಲಭವಿತ್ತು! ಆದರೆ ಆ ಬಗ್ಗಿದ ಬೆನ್ನನ್ನು ಅವನಿಗೆ ನೋಡಲಾಗಲಿಲ್ಲ.

"ಮಿಸಾವೊ," ಅಂದ. "ಡಿಕ್ಕಿ ತೆಗಿ."

ಅವಳು ತೆಗೆದಳು. ಒಳಗೆ ಎರಡು ಟೈರುಗಳಿದ್ದವು. ಪಕ್ಕದಲ್ಲಿ ಜಾಕು, ನಟ್ಟು ಬಿಚ್ಚುವ ಪಾನಾ, ಒರೆಸುವ ಬಟ್ಟೆ. ಟೈರುಗಳ ಮೇಲೆ ಸೀಮೆಸುಣ್ಣದಲ್ಲಿ ಇನಾಗಾಕಿಯದೇ ಅಕ್ಷರ: ರಸ್ತೆಗೆ.

"ಭಾನುವಾರ ಮೈದಾನಕ್ಕೆ ಹೋಗಿದ್ದೆ," ಅಂದ. "ಎಲ್ಲರೂ ಚಪ್ಪಾಳೆ ಹೊಡೆದ್ರು. ಅರವತ್ತಾದ್ರೂ ಕೈ ನಡುಗಲ್ವಲ್ಲ ಮಾರಾಯ ಅಂದ್ರು. ಆಕಾಶ ತಿಳಿಯಾಗಿತ್ತು, ರಸ್ತೆ ಒಣಗಿತ್ತು. ಬೆಳಗ್ಗೆ ಎದ್ದು ಬದಲಾಯಿಸಿದ್ರಾಯ್ತು ಅಂತ ಹಾಗೇ ಮನೆಗೆ ಬಂದುಬಿಟ್ಟೆ. ಹತ್ತು ನಿಮಿಷದ ಕೆಲಸ. ನಾನು ಮಲಗಿದ್ದೆ, ನಿಮ್ಮಮ್ಮ ಎಬ್ಬಿಸಲಿಲ್ಲ."

ಎಬ್ಬಿಸುವವಳಲ್ಲ ಅವಳು. ಶಾಲೆಯ ಅಡುಗೆಮನೆಯಲ್ಲಿ ಏಳಕ್ಕೆ ಒಲೆ ಹಚ್ಚಬೇಕು, ಮುನ್ನೂರು ಮಕ್ಕಳ ಊಟ. ಅವಳ ಪುಟ್ಟ ಕಾರು ಹತ್ತಿಕೊಳ್ಳಲಿಲ್ಲ. ಬ್ಯಾಟರಿ ಸೊರಗಿದೆ ರೀ ಎಂದು ವಾರದಿಂದ ಹೇಳುತ್ತಿದ್ದಳು. ಊರವರ ಗಾಡಿಗೆಲ್ಲ ವೈದ್ಯನಾದ ಗಂಡ ಹೆಂಡತಿಯ ಗಾಡಿಗೆ ನಾಳೆ ನಾಳೆ ಅನ್ನುತ್ತಿದ್ದ. ಎರಡನೇ ತಿರುವಿನಲ್ಲಿ ಹಿಂಬದಿ ಜಾರಿರಬೇಕು, ಅವಳು ಹೆದರಿ ಆಕ್ಸಿಲರೇಟರ್‌ನಿಂದ ಕಾಲು ಎತ್ತಿರಬೇಕು. ಕಾಲೆತ್ತಿದರೆ ಭಾರವೆಲ್ಲ ಮುಂದಕ್ಕೆ ಹೋಗಿ ಹಿಂದಿನ ಚಕ್ರಕ್ಕೆ ಇದ್ದ ಚೂರು ಹಿಡಿತವೂ ಹೋಗುತ್ತದೆ. "ಜಾರಿದಾಗ ಕಾಲೆತ್ತಬೇಡ್ರೋ!" ಎಂದು ಎಷ್ಟು ಹುಡುಗರಿಗೆ ಅರಚಿದ್ದನೋ ಇನಾಗಾಕಿ. ನಂಗೂ ಒಂದಿನ ಕಲಿಸ್ರೀ ಎಂದು ಅವಳು ಕೇಳಿದಾಗ ಮಾತ್ರ, "ನಿನಗ್ಯಾಕೆ ಇದೆಲ್ಲ, ಮೂಲಂಗಿ ತರೋಕಾ?" ಎಂದು ನಕ್ಕಿದ್ದ.

ಮಿಸಾವೊ ಡಿಕ್ಕಿ ಮುಚ್ಚಿದಳು. ನೆಗಿಶಿಯ ಮುಂದೆ ಹೋಗಿ, ಬೂಟುಗಳನ್ನು ಎದೆಗೆ ಒತ್ತಿಕೊಂಡೇ, ಅವನು ಬಾಗಿದ್ದಕ್ಕಿಂತ ಕೆಳಗೆ ಬಾಗಿದಳು. ಬಹಳ ಹೊತ್ತು ಏಳಲಿಲ್ಲ. ಏಳಮ್ಮ, ಏಳಮ್ಮ ಎಂದು ನೆಗಿಶಿಯೇ ಅತ್ತುಬಿಟ್ಟ. ಆಮೇಲೆ ಅವಳು ಹನಿಯತೊಡಗಿದ್ದ ಮಳೆಗೆ ಕೊಡೆ ಬಿಚ್ಚಿ ಗೇಟಿನ ಕಡೆ ನಡೆದಳು.

"ಮಿಸಾವೊ, ಗಾಡಿ ಈ ಕಡೆ ಇದೆ."

"ನೀವು ಹೋಗಿ," ಅಂದಳು ತಿರುಗದೆ. "ನಾನು ಬಸ್ಸಲ್ಲಿ ಹೋಗ್ತೀನಿ."

ಇನಾಗಾಕಿ ಹೆಂಡತಿಯ ಪುಟ್ಟ ಕಾರಿನಲ್ಲಿ ಕೂತ. ಇವತ್ತು ಬೆಳಗ್ಗೆಯಷ್ಟೇ ಅದಕ್ಕೆ ಹೊಸ ಬ್ಯಾಟರಿ ಹಾಕಿದ್ದ. ಕೀಲಿ ತಿರುಗಿಸಿದ. ಒಂದೇ ಸಲಕ್ಕೆ ಹತ್ತಿಕೊಂಡಿತು.